ಹಜೀರಾಬೀ ಕೈಗುಣ

ನನ್ನ ಹೆಸರು ಶಾಂತಕುಮಾರಿ. ಹೆಸರಿಟ್ಟ ಅಜ್ಜಿ ತೊಟ್ಟಿಲಲ್ಲಿದ್ದ ಮುಖ ನೋಡಿ ಇಟ್ಟಿದ್ದು, ಮುಂದೆ ಬರುವ ನಾಲಿಗೆ ನೋಡಿ ಇಟ್ಟಿದ್ದಲ್ಲ. ಎಂ.ಸಿ.ಸಿ. ಬಡಾವಣೆಯ ಮನೆಯಿಂದ ಸ್ಕೂಟಿ ಹತ್ತಿ ನಿಟ್ಟುವಳ್ಳಿಯ ಶಾಲೆ ಮುಟ್ಟುವಷ್ಟರಲ್ಲಿ ದಾರಿಯಲ್ಲಿ ಒಬ್ಬರಿಗಾದರೂ ಬೈದಿರುತ್ತೇನೆ. ಏಳನೇ ಕ್ಲಾಸಿಗೆ ವಿಜ್ಞಾನ ಹೇಳುವುದು ನನ್ನ ಕೆಲಸ. ಕ್ಲಾಸಿನಲ್ಲಿ ಗಲಾಟೆಗೆ ಬೈಯುತ್ತೇನೆ, ತಡವಾಗಿ ಬಂದರೆ ಬೈಯುತ್ತೇನೆ, ಪ್ರಶ್ನೆ ಕೇಳಿದರೆ ಮಾತ್ರ ಬೈಯುವುದಿಲ್ಲ. "ಯಾಕ ಮಿಸ್?" ಅಂತ ಒಬ್ಬರು ಕೇಳಿದರೆ ಪಾಠ ಅಲ್ಲೇ ನಿಲ್ಲುತ್ತದೆ. ಉತ್ತರ ನಾನು ಹೇಳುವುದಿಲ್ಲ. ಅವರೇ ಹುಡುಕಬೇಕು.

ಇದರಿಂದಾಗಿ ನನ್ನ ಪಾಠಗಳು ಯಾವ ವರ್ಷವೂ ಹೊತ್ತಿಗೆ ಸರಿಯಾಗಿ ಮುಗಿದಿಲ್ಲ. ಹೆಡ್‌ಮಾಸ್ಟರ್ ನಾಗಭೂಷಣ್ ಸರ್‌ಗೆ ಅದೊಂದು ಹಲ್ಲುನೋವು. "ಮೇಡಂ, ನೀವು ಪಾಠ ಮಾಡ್ತೀರೋ, ಪೊಲೀಸ್ ತನಿಖೆ ಮಾಡ್ತೀರೋ?" ಅಂತ ಕೇಳುತ್ತಿದ್ದರು. ಒಳ್ಳೆಯ ಮನುಷ್ಯ. ಬೆಣ್ಣೆದೋಸೆ ಕೊಡಿಸಿದರೆ ಒಂದು ವಾರ ಸುಮ್ಮನಿರುತ್ತಿದ್ದರು.

ಆಗಸ್ಟ್ ತಿಂಗಳು, ಶಾಖದ ಪಾಠ ನಡೆದಿತ್ತು. "ಬಿಸಿ ತಾಗಿದ್ರೆ ಬದಲಾಗೋದು ಏನಾದ್ರೂ ಮನೆಯಿಂದ ತರ್ರಿ" ಅಂತ ಮಕ್ಕಳಿಗೆ ಹೇಳಿದ್ದೆ. ಸಹನಾ ಹಪ್ಪಳ ತಂದಳು. ಮಹಾಂತೇಶ್ ಒಂದು ಬೆರಣಿ ತಂದು, ಹಚ್ಚೋಕೆ ಕಡ್ಡಿಪೆಟ್ಟಿಗೆ ಕೊಡ್ರಿ ಅಂದ. ಅವನನ್ನು ಕೂರಿಸಿದೆ. ಇರಮ್ ಒಂದು ಪೊಟ್ಟಣ ಮಂಡಕ್ಕಿ ತಂದಿದ್ದಳು. ಅವಳ ಅಪ್ಪ ದಾದಾಪೀರ್ ಅವರದು ಮಂಡಕ್ಕಿ ಭಟ್ಟಿ. ಮಂಡಕ್ಕಿ ಕಂಡು ಸುಮ್ಮನಿರುವ ಜನ ದಾವಣಗೆರೆಯಲ್ಲಿ ಇಲ್ಲ. ಪೊಟ್ಟಣ ಬಿಚ್ಚಿದ್ದೇ ತಡ, ಎಲ್ಲರ ಕೈಯೂ ಅದರೊಳಗೆ ಹೋಯಿತು. ಮಹಾಂತೇಶ್ ಒಂದು ಮುಕ್ಕು ಬಾಯಿಗೆ ಹಾಕಿಕೊಂಡು ಕಟಕ್ ಅಂತ ಕಚ್ಚಿ, ದವಡೆ ಹಿಡಿದುಕೊಂಡು ಕೂತ.

"ಮಿಸ್, ಇದ್ರಾಗ ಅರ್ಧಕ್ಕರ್ಧ ಅರಳೇ ಇಲ್ಲ. ಕಲ್ಲು ಇದ್ದಂಗ ಐತೆ."

ಕ್ಲಾಸು ನಕ್ಕಿತು. ಇರಮ್ ನಗಲಿಲ್ಲ. ಪೊಟ್ಟಣ ಮುಚ್ಚಿ, ತಲೆ ತಗ್ಗಿಸಿ, "ದಾದಿ ಕೈಗುಣ ಹೋತಂತೆ ಮಿಸ್" ಅಂದಳು. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟಳು.

ದಾದಿ ಅಂದರೆ ಅವಳ ಅಪ್ಪನ ತಾಯಿ, ಹಜೀರಾಬೀ. ನಿಟ್ಟುವಳ್ಳಿಯಲ್ಲಿ ಆಕೆಯನ್ನು ಅರಿಯದವರಿಲ್ಲ. ಮಂಡಕ್ಕಿಯ ಅಕ್ಕಿಗೆ ಉಪ್ಪುನೀರು ಕಲಸಿ, ಗಂಟು ಕಟ್ಟಿ, ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಕಾದ ಮರಳಿಗೆ ಹಾಕಿದರೆ ಅದು ಚಟಪಟ ಅರಳುತ್ತದೆ. ಆ ಉಪ್ಪುನೀರು ಕಲಸುವ ಕೆಲಸ ಸೊಸೆಯಾಗಿ ಬಂದ ದಿನದಿಂದ ಆಕೆಯದು. ಅಂಗಡಿಯವರು "ಹಜೀರಾಬೀ ಕಲಸಿದ್ದೇ ಕೊಡ್ರಿ" ಅಂತ ಕೇಳಿ ಒಯ್ಯುತ್ತಿದ್ದರು. ಈಚೆಗೆ ಸುತ್ತಲೂ ಮನೆಗಳು ತುಂಬಿಕೊಂಡು, ಭಟ್ಟಿ ಹೊಗೆಗೆ ಜನ ತಕರಾರು ತೆಗೆದರು. ಮಳೆಗಾಲಕ್ಕೆ ಮುಂಚೆ ದಾದಾಪೀರ್ ಭಟ್ಟಿಯನ್ನು ಹರಿಹರಕ್ಕೆ, ಹೊಳೆ ದಂಡೆಯ ಹೊಸ ಶೆಡ್ಡಿಗೆ ಸಾಗಿಸಿದರು. ಮನೆ ಇಲ್ಲಿ, ಭಟ್ಟಿ ಅಲ್ಲಿ. ಅಲ್ಲಿಗೆ ಹೋದ ಮೇಲೆ ಹಜೀರಾಬೀ ಕಲಸಿದ ಅಕ್ಕಿ ಅರಳುತ್ತಿಲ್ಲ, ಸೊಸೆ ಕಲಸಿದ್ದು ಅರಳುತ್ತದೆ. ದೃಷ್ಟಿ ತೆಗೆಸಿದರು, ಬಾಗಿಲಿಗೆ ನಿಂಬೆಹಣ್ಣು ಕಟ್ಟಿದರು. ಏನೂ ಆಗಲಿಲ್ಲ. "ಅಮ್ಮಾ, ಸಾಕು. ಸೋಮವಾರದಿಂದಾಚೆ ಭಟ್ಟಿಗೆ ಬರೋದು ಬ್ಯಾಡ, ಮನ್ಯಾಗ ಆರಾಮಾಗಿರು" ಅಂದಿದ್ದರಂತೆ ದಾದಾಪೀರ್. ಅವತ್ತಿನಿಂದ ಮುದುಕಿ ತಟ್ಟೆ ಮುಂದೆ ಕೂತು, ಹಾಗೇ ಎದ್ದು ಹೋಗುತ್ತಿದ್ದಾಳೆ.

ಕೈಗುಣ ಅನ್ನುವ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮದುವೆಯಾದ ಹೊಸದರಲ್ಲಿ ನಾನು ಹಾಕಿದ ಉಪ್ಪಿನಕಾಯಿಗೆ ಬೂಸಲು ಬಂತು ಅಂತ ನಮ್ಮತ್ತೆ, "ಇವಳ ಕೈಗೆ ಉಪ್ಪಿನಕಾಯಿ ಆಗಿಬರಲ್ಲ" ಅಂದವರು ಇವತ್ತಿನವರೆಗೂ ಭರಣಿ ಮುಟ್ಟಲು ಬಿಟ್ಟಿಲ್ಲ. ಮಕ್ಕಳಿಗೆ ಅದನ್ನೆಲ್ಲ ಹೇಳಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು, "ಅಕ್ಕಿ ಅರಳದಿದ್ರೆ ಏನೇನು ಕಾರಣ ಇರಬಹುದು, ಹೇಳ್ರಿ" ಅಂದೆ.

ಅಕ್ಕಿ ಅಂದರು, ಉಪ್ಪು ಅಂದರು, ನೀರು, ಮರಳು, ಬೆಂಕಿ. ಕೊನೆಗೆ ಒಂದು ಸಣ್ಣ ದನಿ, ಕೈ ಅಂದಿತು. ಬರೆದೆ. ಸಹನಾ ಎದ್ದು ನಿಂತಳು. ಮಾತು ಕಡಿಮೆ, ಆಡಿದರೆ ತೂಕದ ಮಾತು. "ಮಿಸ್, ಇರಮ್ ಅಮ್ಮಂಗೂ ದಾದಿಗೂ ಅಕ್ಕಿ ಒಂದೇ, ಉಪ್ಪು ಒಂದೇ, ನೀರು ಒಂದೇ. ಮರಳು, ಬೆಂಕಿ ಎಲ್ಲಾ ಒಂದೇ. ಅವನ್ನೆಲ್ಲ ಅಳಿಸಿಬಿಡ್ರಿ."

ಒಂದೊಂದಾಗಿ ಅಳಿಸಿದೆ. ಹಲಗೆ ಮೇಲೆ ಕೈ ಒಂದೇ ಉಳಿಯಿತು. ನನಗೆ ಒಂಚೂರೂ ಇಷ್ಟವಾಗಲಿಲ್ಲ, ಆದರೆ ಕರಿಹಲಗೆಗೆ ನನ್ನ ಸಿಟ್ಟು ತಿಳಿಯುವುದಿಲ್ಲವಲ್ಲ. ಇರಮ್ ಹಲಗೆ ಕಡೆ ನೋಡಲೇ ಇಲ್ಲ.

ಆಗ ಮಹಾಂತೇಶ್ ಕೂತಲ್ಲಿಂದಲೇ ಕೇಳಿದ. "ದಾದಿದು ಅರಳಿಲ್ಲ ಅಂತ ನೋಡಿದ್ಯಾರು?"

"ಅಬ್ಬಾ, ಅಂದ್ರೆ ನಮ್ಮಪ್ಪ" ಅಂದಳು ಇರಮ್.

"ನಿಮ್ಮ ಅಬ್ಬಾಗೆ ಯಾವ ಗಂಟು ಯಾರ್ದು ಅಂತ ಮೊದ್ಲೇ ಗೊತ್ತಿರ್ತೈತಿ. ನಮ್ಮಪ್ಪ ನನ್ನ ಪೇಪರ್ ಬಿಚ್ಚೋಕೂ ಮುಂಚೆ ಬೈಯಾಕ ಶುರು ಮಾಡ್ತಾನ. ಹಂಗೂ ಇರಬೌದು. ಯಾರ್ದು ಅಂತ ಗೊತ್ತಿಲ್ದಂಗ ಹುರಿದು ನೋಡ್ಬೇಕು."

ಬೆರಣಿ ತಂದ ತಪ್ಪನ್ನು ಆ ಕ್ಷಣವೇ ಮನ್ನಿಸಿದೆ.

ಮಕ್ಕಳನ್ನು ಹರಿಹರಕ್ಕೆ ಕರೆದೊಯ್ಯಬೇಕಾದರೆ ನಾಗಭೂಷಣ್ ಸರ್ ಒಪ್ಪಬೇಕು. ಪಾಠ ಇನ್ನೂ ಅರ್ಧದಲ್ಲಿದೆ, ಹೊಳೆ ತುಂಬಿದೆ, ಏನಾದರೂ ಆದರೆ ಹೊಣೆ ಯಾರು ಅಂತ ಅವರು ಒಂದರ ಮೇಲೊಂದು ಹೇಳಿದರು. "ನೀವೇ ಬರ್ರಿ ಸರ್, ನಮಗೆ ಒಬ್ಬರು ಗುಟ್ಟು ಕಾಯೋರು ಬೇಕು. ಯಾವ ಗಂಟು ಯಾರದ್ದು ಅಂತ ನಿಮಗೊಬ್ಬರಿಗೇ ಗೊತ್ತಿರಬೇಕು" ಅಂದೆ. ಗುಟ್ಟು ಅಂದ ಕೂಡಲೇ ಸರ್ ಕನ್ನಡಕ ಸರಿಮಾಡಿಕೊಂಡರು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ನಾನು, ಅವರು, ಮೂರು ಮಕ್ಕಳು ಹರಿಹರದ ಬಸ್ಸು ಹತ್ತಿದೆವು. ಸಹನಾ ತನ್ನ ಮಾವನ ಬೇಕರಿಯಿಂದ ಒಂದೇ ಅಳತೆಯ ಗಾಜಿನ ಭರಣಿಗಳನ್ನು ಕೇಳಿ ತಂದು ತೊಡೆ ಮೇಲೆ ಇಟ್ಟುಕೊಂಡಿದ್ದಳು.

ಬಸ್ಸಿನಲ್ಲಿ ಇರಮ್ ನನ್ನ ಪಕ್ಕ ಕೂತಿದ್ದಳು. ಕೇಳಬಾರದು ಅಂತ ಅನ್ನಿಸಿದರೂ ಕೇಳಿದೆ. "ಫಲಿತಾಂಶ ದಾದಿಗೆ ವಿರುದ್ಧ ಬಂದ್ರೆ ಏನ್ ಮಾಡ್ತೀ?"

ಅವಳು ಕಿಟಕಿಯಾಚೆ ಗದ್ದೆಗಳನ್ನು ನೋಡುತ್ತಲೇ ಅಂದಳು. "ಬಂದ್ರೆ ಬಂತು ಮಿಸ್. ಸುಳ್ಳು ಹೇಳಿ ಗೆದ್ರೆ ದಾದಿ ಅಕ್ಕಿ ಅರಳತೈತಾ?"

ನಾನು ಕಂಡಕ್ಟರ್ ಚಿಲ್ಲರೆ ಕೊಟ್ಟಿಲ್ಲ ಅಂತ ಜಗಳ ತೆಗೆದೆ.

ಶೆಡ್ಡು ಹೊಳೆಗೆ ಬೆನ್ನು ಹಾಕಿ ನಿಂತಿತ್ತು. ತಗಡಿನ ಚಾವಣಿ, ಹೊಸ ಸಿಮೆಂಟಿನ ನೆಲ, ಒಂದು ಕೊನೆಗೆ ಭಟ್ಟಿ, ಇನ್ನೊಂದು ಕೊನೆಗೆ ಗೋಡೆಗೆ ಹೊಡೆದ ಎದೆಯೆತ್ತರದ ಹಲಗೆ. ಹಜೀರಾಬೀ ಮೂಲೆಯಲ್ಲಿ ಕೂತಿದ್ದಳು. ಗಿಡ್ಡ ಮೈ, ತಲೆ ತುಂಬ ಸೆರಗು, ಉಪ್ಪಿನಲ್ಲಿ ನೆಂದು ನೆಂದು ಬಿಳಿಚಿದ ಬೆರಳು. ನಮ್ಮನ್ನು ಕಂಡು ಏಳಲು ಹೋದಳು, ಮಂಡಿ ಬಿಡಲಿಲ್ಲ.

"ಕೂಡ್ರಿ ಮಿಸ್ಸಮ್ಮಾ. ನನ್ನ ಪರೀಕ್ಷೆ ಮಾಡಾಕ ಬಂದೀರಂತೆ."

"ನಿಮ್ಮನ್ನಲ್ಲ ಅಮ್ಮಾ, ಅಕ್ಕೀನ."

"ಎರಡೂ ಒಂದೇ ಬಿಡ್ರಿ" ಅಂದಳು. ಆಮೇಲೆ ದನಿ ತಗ್ಗಿಸಿ, "ಈ ಜಾಗಾನೇ ನಂಗ ಆಗಿಬರವಲ್ದು ಮಿಸ್ಸಮ್ಮಾ. ಹೇಳಿದ್ರೆ ಯಾರೂ ಕೇಳಲ್ಲ" ಅಂದಳು.

ನನ್ನ ಹಿಂದೆ ನಿಂತಿದ್ದ ನಾಗಭೂಷಣ್ ಸರ್, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂತ ಗೊಣಗಿದರು. ಮೆಲ್ಲಗೆ ಅಂದಿದ್ದರೂ ಮುದುಕಿಗೆ ಕೇಳಿಸಿತು. ನಾನು ಸರ್ ಕಡೆ ತಿರುಗಿ ನೋಡಿದ ನೋಟಕ್ಕೆ ಅವರು ಹೊರಗೆ ಹೋಗಿ ಹೊಳೆ ನೋಡಿ ಬಂದರು.

ಮೂವರು ಕಲಸಬೇಕು ಅಂತ ಮಕ್ಕಳು ಗೊತ್ತುಮಾಡಿದ್ದರು: ಹಜೀರಾಬೀ, ಇರಮ್‌ಳ ತಾಯಿ ರೇಷ್ಮಾ ಬಾನು, ಮತ್ತೆ ಇರಮ್. ಒಂದೇ ಚೀಲದ ಅಕ್ಕಿ, ಒಂದೇ ಪಾವಿನ ಅಳತೆ, ಒಂದೇ ಕೊಡದ ಉಪ್ಪುನೀರು. "ದಿನಾ ಹೆಂಗ ಮಾಡ್ತೀರೋ ಹಂಗೇ ಮಾಡ್ರಿ, ಏನೂ ಬದಲಾಯಿಸಬ್ಯಾಡ್ರಿ" ಅಂತ ನಾನು ಎರಡೆರಡು ಸಲ ಹೇಳಿದೆ. ಬಲು ಜಾಣತನದ ಮಾತು ಅಂದುಕೊಂಡಿದ್ದೆ. ಕಲಸಿ, ಗಂಟು ಕಟ್ಟಿ, ಅವರವರು ಇಡುವ ಜಾಗದಲ್ಲಿ ಇಟ್ಟರು. ಸರ್ ಎಲ್ಲರನ್ನೂ ಆಚೆ ಕಳಿಸಿ ಗಂಟುಗಳಿಗೆ ಕೆಂಪು, ಹಸಿರು, ಬಿಳಿ ದಾರ ಸುತ್ತಿ, ಶೆಡ್ಡಿಗೆ ಬೀಗ ಹಾಕಿ ಬೀಗದಕೈ ಜೇಬಿಗೆ ಇಳಿಸಿಕೊಂಡರು.

ಭಾನುವಾರ ಬೆಳಿಗ್ಗೆ ಮತ್ತೆ ಅಲ್ಲಿಗೆ ಹೋದೆವು. ಸರ್ ಒಳಗೆ ಹೋಗಿ ಮೂರು ಗಂಟು ತಂದು ಸಾಲಾಗಿ ಇಟ್ಟರು. ದಾದಾಪೀರ್ ಒಂದೊಂದನ್ನೇ ಬಿಚ್ಚಿ ಕಾದ ಮರಳಿಗೆ ಸುರಿದು, ಜರಡಿ ಹಿಡಿದು, ಭರಣಿಗೆ ತುಂಬಿದರು. ಮಾತಿಲ್ಲದ ಮನುಷ್ಯ. ತಾಯಿಯನ್ನು ಮನೆಗೆ ಕೂರಿಸುವ ಮಾತು ಆಡಿದ ಮೇಲೆ ತಾನೂ ಸರಿಯಾಗಿ ಉಂಡಿಲ್ಲ ಅಂತ ಮುಖವೇ ಹೇಳುತ್ತಿತ್ತು. ಹಸಿರು ದಾರದ ಅಕ್ಕಿ ಭರಣಿಯ ಕುತ್ತಿಗೆವರೆಗೆ ಬಂತು. ಬಿಳಿಯದೂ ಅಷ್ಟೇ. ಕೆಂಪು ದಾರದ್ದು ಅರ್ಧ ಭರಣಿಗೇ ನಿಂತಿತು, ತಳದಲ್ಲಿ ಅರಳದ ಕಾಳು ಕಾಣುತ್ತಿತ್ತು.

ಎಲ್ಲರೂ ಸರ್ ಮುಖ ನೋಡಿದೆವು. ಗುಟ್ಟು ಕಾಯುವ ಹುಮ್ಮಸ್ಸೆಲ್ಲ ಇಳಿದುಹೋಗಿತ್ತು ಅವರಿಗೆ.

"ಕೆಂಪು" ಅಂದರು, "ಅಮ್ಮಾರದು."

ಹಜೀರಾಬೀ ಸೆರಗು ಬಾಯಿಗೆ ಒತ್ತಿಕೊಂಡಳು. ದಾದಾಪೀರ್ ಭಟ್ಟಿ ಕಡೆ ತಿರುಗಿ ನಿಂತರು. ರೇಷ್ಮಾ ಬಾನು, "ನಂಗೇನೂ ಇದ್ರಾಗ ಖುಷಿ ಇಲ್ಲ ಮಿಸ್" ಅಂದಳು, ಕೇಳದಿದ್ದರೂ. ಇರಮ್ ಅಳಲಿಲ್ಲ. ಅವಳು ಕೆಂಪು ದಾರದ ಭರಣಿ ಎತ್ತಿಕೊಂಡು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ನನಗೆ ನನ್ನ ಮೇಲೇ ರೋಸಿಹೋಯಿತು. ಮನೆಯವರು ಮೆಲ್ಲಗೆ ಹೇಳಿದ್ದನ್ನು ನಾನು ಭರಣಿ ತಂದು, ದಾರ ಕಟ್ಟಿ, ಊರಿಗೆಲ್ಲ ಕಾಣುವ ಹಾಗೆ ಸಾಬೀತು ಮಾಡಿದಂತಾಯಿತು.

"ಆಯ್ತು ಮೇಡಂ, ಹೊರಡೋಣ" ಅಂತ ನಾಗಭೂಷಣ್ ಸರ್ ಎದ್ದರು. ಅವರು ಬಂದಾಗಿನಿಂದ ನೆಲದ ಮೇಲೆ ನ್ಯೂಸ್‌ಪೇಪರ್ ಹಾಸಿಕೊಂಡು ಕೂತಿದ್ದರು. ಸರ್ ಎದ್ದರೆ ಪೇಪರೂ ಅವರ ಜೊತೆಗೇ ಎದ್ದಿತು. ಪ್ಯಾಂಟಿಗೆ ಅಂಟಿಕೊಂಡು ಹಿಂದೆ ಬಾಲದ ಹಾಗೆ ತೂಗಾಡುತ್ತಿತ್ತು.

ಅಂಥ ಹೊತ್ತಿನಲ್ಲಿ ನಗಬಾರದು. ಮಹಾಂತೇಶ್ ನಕ್ಕ. ನಾನು ಅವನ ಕಿವಿ ಹಿಡಿಯಲು ಕೈ ಚಾಚುವಷ್ಟರಲ್ಲಿ ಅವನ ನಗು ತಾನಾಗೇ ನಿಂತಿತು.

"ಸರ್, ಪೇಪರ್ ಯಾಕ ಒದ್ದೆ ಆತು? ನೀರ್ ಚೆಲ್ಲಿದ್ರಾ?"

"ನಾನ್ಯಾಕೋ ಚೆಲ್ಲಲಿ?"

ಮಹಾಂತೇಶ್ ಬಗ್ಗಿ ನೆಲಕ್ಕೆ ಅಂಗೈ ಒತ್ತಿದ. ಸಹನಾ ಒತ್ತಿದಳು, ನಾನೂ ಒತ್ತಿದೆ. ಕಣ್ಣಿಗೆ ಒಣಗಿದ ಹಾಗೇ ಕಾಣುವ ನೆಲ ಕೈಗೆ ತಣ್ಣಗೆ, ಜಿಗಿಜಿಗಿ ಅನ್ನುತ್ತಿತ್ತು. ಹೊಳೆ ತುಂಬಿದ ದಿನಗಳು, ಹೊಸ ಸಿಮೆಂಟು, ಕೆಳಗೆಲ್ಲ ಥಂಡಿ.

"ಸರ್" ಅಂದಳು ಇರಮ್. ಭರಣಿ ಇನ್ನೂ ಕೈಯಲ್ಲೇ ಇತ್ತು. "ಕೆಂಪು ದಾರದ ಗಂಟು ಬೆಳಿಗ್ಗೆ ಎಲ್ಲಿತ್ತು?"

"ನಿಮ್ಮ ದಾದಿ ಕೂರ್ತಾರಲ್ಲ, ಆ ಮೂಲ್ಯಾಗ. ನೆಲದ ಮ್ಯಾಲೆ."

"ಹಸಿರು, ಬಿಳಿ?"

"ಹಲಗೆ ಮ್ಯಾಲೆ."

ಎಲ್ಲರೂ ಒಟ್ಟಿಗೆ ಮಾತಾಡಿದರು. ರೇಷ್ಮಾ ಬಾನು ನಿಂತು ಕಲಸುವವಳು, ಕಲಸಿದ್ದನ್ನು ಕೈಗೆ ಸಿಗುವ ಹಲಗೆಗೆ ಏರಿಸುವವಳು. ಇರಮ್ ಅಮ್ಮನ ಪಕ್ಕಕ್ಕೇ ತನ್ನ ಗಂಟು ಇಟ್ಟಿದ್ದಳು. ಹಜೀರಾಬೀ ಮಂಡಿನೋವಿನ ಮುದುಕಿ. ಕೂತು ಕಲಸಿ, ಕೂತಲ್ಲೇ ಪಕ್ಕಕ್ಕೆ ಸರಿಸುವವಳು. ನಿಟ್ಟುವಳ್ಳಿಯ ಹಳೇ ಭಟ್ಟಿಯಲ್ಲಿ ಅವಳು ಕೂರುವ ಜಾಗ ಒಲೆಯ ಗೋಡೆಗೆ ತಾಗಿಕೊಂಡು, ಮಳೆಗಾಲದಲ್ಲೂ ಬೆಚ್ಚಗಿರುತ್ತಿತ್ತಂತೆ.

"ಉಪ್ಪಿನ ಡಬ್ಬಿ ಮಳೆಗಾಲದಾಗ ನೀರೊಡಿತೈತಲ್ಲ ಮಿಸ್" ಅಂದಳು ಸಹನಾ. "ಉಪ್ಪು ಹಾಕಿದ ಅಕ್ಕೀನೂ ಥಂಡಿ ಎಳ್ಕೊಂಡಿರ್ತೈತಿ. ಬೇಕಾದಕ್ಕಿಂತ ಜಾಸ್ತಿ ನೀರು ಸೇರಿ ಅರಳಿಲ್ಲ."

ನನಗೆ ಇದ್ದಕ್ಕಿದ್ದಂತೆ ನಮ್ಮ ಮನೆ ನೆನಪಾಯಿತು. ಮದುವೆಯಾದ ಹೊಸದರಲ್ಲಿ ನನ್ನ ಉಪ್ಪಿನಕಾಯಿ ಭರಣಿ ಇಟ್ಟಿದ್ದು ಬಚ್ಚಲುಮನೆಯ ಗೋಡೆಗೆ ತಾಗಿದ ಗೂಡಿನಲ್ಲಿ. ಅತ್ತೆಯದು ಅಟ್ಟದ ಮೇಲೆ. ಇಷ್ಟು ವರ್ಷ ವಿಜ್ಞಾನ ಹೇಳಿಕೊಟ್ಟರೂ ನನಗೆ ಹೊಳೆದಿರಲಿಲ್ಲ. "ದಿನಾ ಮಾಡೋ ಹಂಗೇ ಮಾಡ್ರಿ" ಅಂತ ಹೇಳಿ ನಾನೇ ಜಾಗದ ವ್ಯತ್ಯಾಸವನ್ನು ಪರೀಕ್ಷೆಯೊಳಗೆ ಬಿಟ್ಟುಕೊಂಡಿದ್ದೆ. ಕರಿಹಲಗೆಯ ಮೇಲೆ ನಾವು ಏಳನೆಯ ಕಾರಣ ಬರೆದೇ ಇರಲಿಲ್ಲ.

ದಾದಾಪೀರ್ ಮಾತ್ರ ತಲೆ ಆಡಿಸಿದರು. "ಇದು ನೀವು ಅನ್ನೋದು ಮಿಸ್. ಹಂಗೇ ಐತೆ ಅಂತ ಹೆಂಗ ನಂಬೋದು?"

ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಉತ್ತರ ನಾನು ಕೊಡಲಿಲ್ಲ, ಮಕ್ಕಳ ಕಡೆ ನೋಡಿದೆ.

"ನಾಕು ಗಂಟು" ಅಂದಳು ಇರಮ್. "ದಾದಿದು ಎರಡು, ಅಮ್ಮೀದು ಎರಡು. ಇಬ್ಬರದೂ ಒಂದೊಂದು ನೆಲದ ಮ್ಯಾಲೆ, ಒಂದೊಂದು ಹಲಗೆ ಮ್ಯಾಲೆ. ಕೈ ತಪ್ಪಾಗಿದ್ರೆ ದಾದಿದು ಎರಡೂ ಕೆಡಬೇಕು. ನೆಲ ತಪ್ಪಾಗಿದ್ರೆ ನೆಲದವು ಎರಡೂ ಕೆಡಬೇಕು."

ದಾದಾಪೀರ್ ಮಗಳನ್ನು ಒಂದು ಕ್ಷಣ ನೋಡಿದರು. "ನಾಳೆ ಕೊನೆ. ಆಮೇಲೆ ನಾನು ಕೇಳಲ್ಲ" ಅಂದರು. ಹಜೀರಾಬೀ ಆಗಲೇ ತೋಳು ಮೇಲೆ ಸರಿಸುತ್ತಿದ್ದಳು.

ಮರುದಿನ ಆಗಸ್ಟ್ ಹದಿನೈದು. ಶಾಲೆಯಲ್ಲಿ ಧ್ವಜ ಹಾರಿಸಿ, ಭಾಷಣ ಮುಗಿಸಿ ಹೊರಟೆವು. ಪ್ರತಿ ವರ್ಷ ಎಲ್ಲರ ಕಾಲು ಸೋಲುವ ತನಕ ನಿಲ್ಲಿಸುವ ಸರ್, ಅವತ್ತು ಅರ್ಧಕ್ಕೇ ಜೈ ಹಿಂದ್ ಅಂದುಬಿಟ್ಟರು. ಬಿಳಿ ಯೂನಿಫಾರ್ಮು, ಎದೆಗೆ ಸಣ್ಣ ಬಾವುಟ ಚುಚ್ಚಿಕೊಂಡ ಮೂರು ಮಕ್ಕಳು, ಕೈಯಲ್ಲಿ ಲಾಡು. ಬಸ್ಸಿನಲ್ಲಿ ಯಾರೂ ಅದನ್ನು ತಿನ್ನಲಿಲ್ಲ.

ಶೆಡ್ಡಿನ ಮುಂದೆ ಅಕ್ಕಪಕ್ಕದ ಗದ್ದೆಯ ನಾಲ್ಕು ಜನ ಸೇರಿದ್ದರು. ಸುದ್ದಿ ಹರಿಹರ ಮುಟ್ಟಲು ಎಷ್ಟು ಹೊತ್ತು ಬೇಕು. ಸರ್ ಬೀಗ ತೆಗೆದು ನಾಲ್ಕು ಗಂಟು ತಂದರು: ಕೆಂಪು, ಹಸಿರು, ಬಿಳಿ, ಹಳದಿ ದಾರ. ಯಾವುದು ಯಾರದ್ದು, ಯಾವುದು ಎಲ್ಲಿತ್ತು, ಅವರೊಬ್ಬರಿಗೇ ಗೊತ್ತು. ತುಟಿ ಬಿಗಿದುಕೊಂಡು ನಿಂತಿದ್ದರು, ನಗು ಬಂದರೆ ಗುಟ್ಟು ಜಾರೀತು ಅನ್ನುವ ಹಾಗೆ.

ಕೆಂಪು ಮೊದಲು ಮರಳಿಗೆ ಬಿತ್ತು. ಚಟಪಟ ಸದ್ದು ಭಟ್ಟಿ ತುಂಬಿತು. ಮಂಡಕ್ಕಿ ಉಬ್ಬಿ ಉಬ್ಬಿ ಬಾಣಲೆಯ ಅಂಚು ಮುಟ್ಟಿತು, ಭರಣಿಯ ಕುತ್ತಿಗೆಗೆ ಬಂತು. ಹಸಿರು ಅರ್ಧಕ್ಕೆ ನಿಂತಿತು. ಬಿಳಿಯೂ ಅರ್ಧಕ್ಕೇ. ಹಳದಿ ಕುತ್ತಿಗೆ ಮೀರಿ ಚೆಲ್ಲಿತು.

ನಾಲ್ಕು ಭರಣಿ ಸಾಲಾಗಿ ನಿಂತವು. ಎರಡು ತುಂಬಿದವು, ಎರಡು ಅರ್ಧ.

"ಸರ್, ಹೇಳ್ರಿ" ಅಂದೆ.

"ಹಸಿರು ನೆಲದ್ದು, ಅಮ್ಮಾರದು. ಬಿಳಿ ನೆಲದ್ದು, ಸೊಸೇದು." ಸರ್ ದನಿ ಏರಿತು. "ಕೆಂಪು, ಹಳದಿ ಎರಡೂ ಹಲಗೆವು. ಅದ್ರಾಗ ಒಂದು ಅಮ್ಮಾರದು, ಒಂದು ಸೊಸೇದು. ನೆಲದವು ಎರಡೂ ಕೆಟ್ಟಾವು, ಹಲಗೆವು ಎರಡೂ ಅರಳ್ಯಾವು."

ಮಹಾಂತೇಶ್ ಸರ್ ಕಡೆ ನೋಡಿ, ಮೊನ್ನೆಯ ಗೊಣಗಾಟ ಅವನ ಕಿವಿಗೂ ಬಿದ್ದಿತ್ತು ಕಾಣುತ್ತದೆ, "ಸರ್, ಅಜ್ಜಿ ಕುಣಿತ ಸರಿ ಐತಿ. ನೆಲಾನೇ ಡೊಂಕು" ಅಂದ. ಸರ್ ಕೈಮುಗಿದು ಹಜೀರಾಬೀ ಮುಂದೆ ತಲೆ ಬಾಗಿಸಿದರು. ಹೊರಗೆ ನಿಂತವರೆಲ್ಲ ನಕ್ಕರು. ಸಹನಾ ಮತ್ತು ಇರಮ್ ಒಬ್ಬರ ಕೈ ಒಬ್ಬರು ಹಿಡಿದು ಕುಣಿಯುತ್ತಿದ್ದರು. ದಾದಾಪೀರ್ ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಅಮ್ಮಾ, ತಪ್ಪಾತು" ಅಂದರು. ನನಗಂತೂ ಎಷ್ಟು ಸಂತೋಷವಾಯಿತೆಂದರೆ, ಬೈಯಲು ಯಾರಾದರೂ ಸಿಕ್ಕಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಹಜೀರಾಬೀ ಒಬ್ಬಳೇ ನಗಲಿಲ್ಲ. ತುಂಬಿದ ಎರಡು ಭರಣಿಗಳನ್ನು ನೋಡುತ್ತಿದ್ದಳು.

"ಮಿಸ್ಸಮ್ಮಾ, ಕೆಂಪು, ಹಳದಿ ಎರಡೂ ಒಂದೇ ಸಮ ಅದಾವಲ್ಲ" ಅಂದಳು. "ಕೆಟ್ಟಿದ್ದು ನನ್ನ ಕೈಯಿಂದ ಅಲ್ಲ ಅಂದ್ರೆ, ಇಷ್ಟು ವರ್ಷ ಚಂದ ಅರಳಿದ್ದೂ ನನ್ನ ಕೈಯಿಂದ ಅಲ್ಲ ಹಂಗಾದ್ರ. ಒಲೆ ಗೋಡೆಯಿಂದ. ನನ್ನ ಕೈ ಅಂತ ಏನೂ ಇರಲೇ ಇಲ್ಲ."

ಪ್ರಶ್ನೆ ಅಂದರೆ ಪ್ರಾಣ ಬಿಡುವ ನನಗೆ ಆ ಪ್ರಶ್ನೆ ಯಾಕಾದರೂ ಬಂತೋ ಅನ್ನಿಸಿತು. ಇರಮ್ ದಾದಿಯ ಪಕ್ಕ ಕೂತಳು.

"ಎತ್ತರ ಅಷ್ಟೇ ನೋಡಿದ್ವಿ ದಾದಿ. ತಿಂದು ನೋಡಿಲ್ಲ."

ಕೆಂಪು ಯಾರದ್ದು, ಹಳದಿ ಯಾರದ್ದು ಅಂತ ಸರ್ ಇನ್ನೂ ಹೇಳಿರಲಿಲ್ಲ. ಇರಮ್ ಎರಡರಿಂದಲೂ ಒಂದೊಂದು ಹಿಡಿ ತೆಗೆದು ಅಪ್ಪನ ಮುಂದೆ ಹಿಡಿದಳು. ದಾದಾಪೀರ್ ಕೆಂಪಿನದು ತಿಂದರು, ನೀರು ಕುಡಿದರು, ಹಳದಿಯದು ತಿಂದರು. ನಿಧಾನವಾಗಿ ಅಗಿದರು.

"ಕೆಂಪಿನದ್ರಾಗ ಒಂದು ಕಾಳು ಉಪ್ಪು, ಒಂದು ಕಾಳು ಸಪ್ಪೆ. ಹಳದಿದು ಕಾಳುಕಾಳಿಗೂ ಒಂದೇ ರುಚಿ" ಅಂದರು. "ಹಳದಿ ಅಮ್ಮಾಂದು."

ಸರ್ ಕೂಗಿಯೇಬಿಟ್ಟರು. "ಹೌದು, ಹಳದಿ ಅಮ್ಮಾರದೇ."

"ನಾನು ನೀರು ಒಂದೇ ಸಲ ಸುರಿದುಬಿಡ್ತೀನಿ" ಅಂತ ರೇಷ್ಮಾ ಬಾನು ನಗುತ್ತಾ ಒಪ್ಪಿಕೊಂಡಳು. "ಅತ್ತೆ ಚಿಮುಕಿಸ್ತಾ ಚಿಮುಕಿಸ್ತಾ ಬೆರಳ ತುದೀಲಿ ತಿರುವ್ತಾರೆ. ಅಷ್ಟು ತಾಳ್ಮೆ ನಂಗಿಲ್ಲ."

ಎಲ್ಲರೂ ಚಪ್ಪಾಳೆ ಹೊಡೆದರು. ಮಹಾಂತೇಶ್ ಹೊಡೆಯಲಿಲ್ಲ. "ಎರಡರಾಗ ಒಂದು ಹೇಳೋದು ಯಾರಿಗಾದ್ರೂ ಬರ್ತೈತಿ ಮಿಸ್. ನಾನು ಪರೀಕ್ಷೆಯಾಗ ಹಂಗೇ ಬರಿಯೋದು. ಇನ್ನೊಂದ್ಸಲ ಮಾಡ್ಬೇಕು."

ಅವನ ತಲೆಗೆ ಮೊಟಕಲೋ, ಅಪ್ಪಿಕೊಳ್ಳಲೋ ತಿಳಿಯದೆ ನಿಂತೆ. ಹಜೀರಾಬೀಯೇ ಅಂದಳು. "ಮಾಡಪ್ಪಾ. ಸಂಶಯ ಉಳಿಯೋದು ಬ್ಯಾಡ."

ದಾದಾಪೀರ್ ಹೆಗಲ ಟವಲ್ಲಿನಿಂದಲೇ ಅವರ ಕಣ್ಣು ಕಟ್ಟಿದ ಮಹಾಂತೇಶ್. ಕೈಗೆ ಒಂದೊಂದು ಚಿಟಿಕೆ ಹಾಕುತ್ತಾ ಹೋದ. ಒಮ್ಮೆ ಕೆಂಪು ಮೊದಲು, ಒಮ್ಮೆ ಹಳದಿ ಮೊದಲು. ದಾದಾಪೀರ್ ಪ್ರತಿ ಸಲವೂ ತಾಯಿಯದನ್ನೇ ಎತ್ತಿ ಹೇಳಿದರು. ಕಿಟಕಿಯಲ್ಲಿ ಇಣುಕುತ್ತಿದ್ದವರು ಉಸಿರು ಬಿಗಿಹಿಡಿದಿದ್ದರು. ಕೊನೆಗೆ ಮಹಾಂತೇಶ್ ನನಗೆ ಕಣ್ಣು ಮಿಟುಕಿಸಿ, ಎರಡು ಚಿಟಿಕೆಯನ್ನೂ ಹಳದಿ ಭರಣಿಯಿಂದಲೇ ತೆಗೆದು ಕೊಟ್ಟ.

ದಾದಾಪೀರ್ ಮೊದಲಿನದು ತಿಂದರು. ಎರಡನೆಯದು ತಿಂದರು. ಹುಬ್ಬು ಗಂಟಿಕ್ಕಿದರು. ಮತ್ತೆ ಮೊದಲಿನದು ಬೇಕು ಅಂದರು, ಮತ್ತೆ ಎರಡನೆಯದು. ಇರಮ್ ಉಗುರು ಕಚ್ಚುತ್ತಿದ್ದಳು.

"ಏ ಹುಡುಗಾ, ಮೋಸ ಮಾಡ್ತೀಯಾ?" ಅಂದರು ಕೊನೆಗೆ. "ಎರಡೂ ನಮ್ಮಮ್ಮಂದೇ."

ಹಜೀರಾಬೀ ನಕ್ಕಳು. ಹಲ್ಲಿಲ್ಲದ ಬಾಯಿ ಬಿಟ್ಟು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಮೊಮ್ಮಗಳು ಅವಳ ಕುತ್ತಿಗೆಗೆ ಜೋತುಬಿದ್ದಳು, ಲಾಡು ಬಿಚ್ಚಿ ಬಾಯಿಗೆ ತುರುಕಿದಳು. ಎಷ್ಟೋ ದಿನದಿಂದ ತಟ್ಟೆ ಮುಂದಿನಿಂದ ಎದ್ದು ಹೋಗುತ್ತಿದ್ದ ಮುದುಕಿ ಆ ಲಾಡನ್ನು ಪೂರ್ತಿ ತಿಂದಳು.

"ಏನೋ ಮಹಾಂತೇಶಾ, ಇನ್ನೂ ಅನುಮಾನ ಐತಾ?" ಅಂತ ಕೇಳಿದಳು.

"ಸ್ವಲ್ಪ ಐತಿ ಅಜ್ಜಿ."

"ಇರ್ಲಿ. ನಾಳೆ ಬಾ, ಮತ್ತೆ ನೋಡುವಂತಿ." ಬಾಯಿ ಒರೆಸಿಕೊಂಡು ಅವಳು ಮಗನ ಕಡೆ ತಿರುಗಿದಳು. "ಹೊತ್ತಾತು. ನಾಳಿನ ಅಕ್ಕಿ ಕಲಸಬೇಕು. ಉಪ್ಪುನೀರು ತಗಂಬಾ."

ರೇಷ್ಮಾ ಬಾನು ಎದ್ದಳು. ದಾದಾಪೀರ್ ಕಣ್ಣಿಗೆ ಕಟ್ಟಿದ್ದ ಟವಲ್ಲು ಬಿಚ್ಚಿ ಮುಖ ಒರೆಸಿಕೊಂಡು, ಬೇಡ ಅಂತ ಅವಳಿಗೆ ಕೈ ಮಾಡಿ, ತಾವೇ ಕೊಡ ಹೊತ್ತು ತಂದರು. ತಾಯಿಗೆ ಕೂರಲು ಒಂದು ಮಣೆ ಹಾಕಿದರು, ಗಂಟು ಇಡಲು ಅವಳ ಕೈಗೆ ಸಿಗುವ ಎತ್ತರಕ್ಕೆ ಇಟ್ಟಿಗೆ ಜೋಡಿಸಿ ಹಲಗೆ ಇಟ್ಟರು. ಹಜೀರಾಬೀ ಒಂದು ಬೆರಳು ನೀರಲ್ಲಿ ಅದ್ದಿ ನಾಲಿಗೆಗೆ ಮುಟ್ಟಿಸಿ ಉಪ್ಪು ನೋಡಿದಳು. ಆಮೇಲೆ ಅಕ್ಕಿಗೆ ಕೈ ಹಾಕಿದಳು.